ಹೆಸರು ಕೆರೆದ ಡಬ್ಬಿ

ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ. ಅದರ ಹೆಸರೇನು?

ನನಗೆ ಗೊತ್ತಿರಲಿಲ್ಲ. ಹದಿಮೂರು ವರ್ಷ ಅದನ್ನು ಹೊತ್ತಿದ್ದೇನೆ, ಮೆಷಿನ್ನಿಗೆ ಸುರಿದಿದ್ದೇನೆ, ಅದರ ಗಸಿ ಬಾಚಿ ಡಬ್ಬಿಗೆ ತುಂಬಿದ್ದೇನೆ. ಅಂಗೈ ಚರ್ಮ ಸುಲಿದು, ಮತ್ತೆ ಬಂದು, ಮತ್ತೆ ಸುಲಿದಿದೆ. ಹೆಸರು ಮಾತ್ರ ಗೊತ್ತಿಲ್ಲ. ಕುವೈತಿನ ಖೈತಾನಿನಲ್ಲಿರುವ ನಮ್ಮ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಎಲ್ಲರೂ ಅದಕ್ಕೆ ಮೋಯಾ ಎನ್ನುತ್ತಿದ್ದೆವು. ಇಲ್ಲಿನ ಕೆಲಸದವರ ಅರಬಿಯಲ್ಲಿ ಮೋಯಾ ಅಂದರೆ ನೀರು. ಆ ಹೆಸರು ಇಟ್ಟವನು ಯಾರೋ, ಅವನ ನಾಲಿಗೆ ಬಿದ್ದುಹೋಗಲಿ.

“ಮೋಯಾ” ಎಂದೆ.

ಡಾಕ್ಟರು ಸಿಟ್ಟಾಗಲಿಲ್ಲ. ನರ್ಸ್ ಸಿಸಿಲಿಯಾ ಕಡೆ ನೋಡಿದರು. ಸಿಸಿಲಿಯಾ ನಮ್ಮ ಮಂಗಳೂರಿನ ಬಜಪೆ ಕಡೆಯವರು. ಡಾಕ್ಟರ ಇಂಗ್ಲಿಷನ್ನು ನನಗೆ ಕನ್ನಡ ಮಾಡಿ ಹೇಳುತ್ತಿದ್ದವರು ಅವರೇ.

“ನೋಡಿ ಸೇಸಪ್ಪಣ್ಣ, ನಿಮ್ಮ ರೂಮಿನ ಬೀರಾನ್ ಬೆಳಿಗ್ಗೆ ಕಣ್ಣು ಬಿಟ್ಟಿದ್ದಾರೆ. ಆದ್ರೆ ಹಾರ್ಟ್ ಒಂದೇ ಸಮ ಇಲ್ಲ. ಬರೀ ಸೆಕೆಗೆ ಬಿದ್ದದ್ದಲ್ಲ ಅಂತ ಡಾಕ್ಟರಿಗೆ ಸಂಶಯ ಉಂಟು. ನಿಮ್ಮ ಮ್ಯಾನೇಜರ್ ಬರ್ದು ಕೊಟ್ಟದ್ದು ಎಂತ ಗೊತ್ತುಂಟಾ? ಇವ ಇಸ್ತ್ರಿ ಮಾಡುವವ, ಸೆಕೆಗೆ ತಲೆ ತಿರುಗಿ ಬಿದ್ದ, ರೂಮಿನಲ್ಲಿ ಕೆಮಿಕಲ್ ಎಂತದೂ ಇಲ್ಲ ಅಂತ.”

“ಸುಳ್ಳು ಸಿಸ್ಟರ್.”

“ಸುಳ್ಳು ಅಂತ ನಂಗೂ ಅನ್ನಿಸ್ತದೆ. ಅಂಗಿ ತೆಗಿವಾಗಲೇ ವಾಸನೆ ಹೊಡೀತಿತ್ತು. ಆದ್ರೆ ಡ್ರೈಕ್ಲೀನಿಂಗಿಗೆ ನಾಲ್ಕೈದು ತರದ್ದು ಉಂಟಂತೆ. ಯಾವುದು, ಎಲ್ಲಿ ಇಟ್ಟಿದ್ರು, ಅದು ಬೇಕು. ಅದು ಗೊತ್ತಾದ್ರೆ ಮಾತ್ರ ಅದಕ್ಕೆ ಸರಿಯಾಗಿ ನೋಡ್ಲಿಕ್ಕಾಗ್ತದೆ, ಲಿವರ್, ಕಿಡ್ನಿ ಎಲ್ಲ. ಇಲ್ಲದಿದ್ರೆ ಸೆಕೆ ಅಂತಲೇ ಫೈಲ್ ಮುಚ್ತಾರೆ. ನಾಳೆ ಸಾಯಂಕಾಲ ಕಂಪೆನಿಯವರು ಬಂದು ಕರ್ಕೊಂಡು ಹೋಗ್ತಾರೆ.”

ಕರೆದುಕೊಂಡು ಹೋಗುವುದು ಎಲ್ಲಿಗೆ ಎಂದು ನನಗೆ ಗೊತ್ತಿತ್ತು. ಅದೇ ರೂಮಿಗೆ. ಅದೇ ನೆಲಕ್ಕೆ.

ನಾನು ಸೇಸಪ್ಪ. ಜಾತಿಯಲ್ಲಿ ಮಡಿವಾಳ. ಇದನ್ನು ಹೇಳಲೇಬೇಕು, ಏಕೆಂದರೆ ನನ್ನನ್ನು ಕುವೈತಿಗೆ ತಂದದ್ದೇ ಇದು. ನಮ್ಮೂರಿನ ಧಣಿಗಳಾದ ಗುತ್ತಿನ ಮನೆಯ ಶ್ರವಣ್ ಇಲ್ಲಿ ಲಾಂಡ್ರಿ ಮ್ಯಾನೇಜರ್. ಕಫೀಲ್, ಅಂದರೆ ಅಂಗಡಿಯ ಅರಬಿ ಮಾಲೀಕ, ಅವನ ಮುಖ ನಾವು ನೋಡಿದ್ದು ಎರಡೇ ಸಲ. ನಮಗೆ ಶ್ರವಣನೇ ಸರಕಾರ. ಜನ ಬೇಕಾದಾಗ ಅವನು ಊರಿಗೆ ಫೋನ್ ಮಾಡಿ, ಮಡಿವಾಳರ ಒಬ್ಬನನ್ನು ಕಳಿಸಿ, ಕಲಿಸುವ ಗೋಜು ಇರುವುದಿಲ್ಲ ಎಂದನಂತೆ. ಅವರ ಮನೆಯ ಬಟ್ಟೆಯನ್ನು ನಮ್ಮ ಮೂರು ತಲೆಮಾರು ಒಗೆದಿದೆ. ಹಿತ್ತಿಲಿನಿಂದ ಗಂಟು ಎತ್ತಿಕೊಂಡು ಹೋಗುವುದು, ಹಿತ್ತಿಲಿಗೇ ತಂದಿಡುವುದು. ಜಗಲಿ ಹತ್ತಿದ್ದು ಇಲ್ಲ. ಇಲ್ಲಿಗೆ ಬಂದ ಮೇಲೆ ಶ್ರವಣ್ ನನಗೆ ಅಂಗಡಿಯ ಮುಂದಿನ ಬಾಗಿಲು ತೋರಿಸಲಿಲ್ಲ. ಗಿರಾಕಿಗಳು ಬರುವ ಕಡೆ ನೀನು ಬೇಡ ಎಂದ. ಸಮುದ್ರ ದಾಟಿದರೂ ಹಿತ್ತಿಲು ನನ್ನ ಬೆನ್ನು ಬಿಡಲಿಲ್ಲ.

ನನಗೆ ಒಂದು ಜಂಬವಿತ್ತು. ನನ್ನ ಮೂಗು. ಮಡಿವಾಳರಿಗೆ ಮೂಗೇ ಮಗ್ಗಿ ಪುಸ್ತಕ. ಯಾವ ಬಟ್ಟೆ ಯಾರದ್ದು, ಬೆವರಿನದ್ದೋ ಬಾಣಂತಿಯದ್ದೋ, ಒಗೆದದ್ದರಲ್ಲಿ ಸೋಡಾದ ಖಾರ ಉಳಿದಿದೆಯೋ ಇಲ್ಲವೋ, ಮೂಸಿ ಹೇಳುತ್ತಿದ್ದೆ. ಇಲ್ಲಿಯೂ ಮೆಷಿನ್ನಿನಿಂದ ಕೋಟು ಹೊರಗೆ ಬಂದ ಕೂಡಲೇ ನನ್ನ ಮೂಗಿಗೆ ಹಿಡಿಯುತ್ತಿದ್ದರು. ಸೇಸಪ್ಪ ಆಯಿತು ಎಂದರೆ ಆಯಿತು. ಆ ಮೂಗನ್ನು ಮೂವರ ಜೀವದ ಮೇಲೆ ಕಾವಲು ಕೂರಿಸಿದೆ. ಆ ಕತೆ ಹೇಳುತ್ತೇನೆ.

ಅಂಗಡಿಯಲ್ಲಿ ಒಂದು ಹಳದಿ ಕಬ್ಬಿಣದ ಕಪಾಟು ಇದೆ. ಮೋಯಾ ಇಡುವುದಕ್ಕೆಂದೇ ಮಾಡಿದ್ದು. ಅಡಿಯಲ್ಲಿ ಸೋರಿದ್ದು ನಿಲ್ಲಲು ತಟ್ಟೆ. ಹಿಂದಿನಿಂದ ಗೋಡೆಯಾಚೆಗೆ ಗಾಳಿಯ ಕೊಳವೆ. ಬಾಗಿಲಿಗೆ ಬೀಗ. ಅದಕ್ಕೆ ನಾಲ್ಕು ಡಬ್ಬಿ ಹಿಡಿಯುತ್ತದೆ. ಲೈಸೆನ್ಸಿನ ತಪಾಸಣೆ ವರ್ಷಕ್ಕೊಮ್ಮೆ. ಆ ದಿನ ಅದರೊಳಗೆ ಎರಡು ಹೊಸ ಡಬ್ಬಿ ಕೂರುತ್ತಿದ್ದವು, ಮದುಮಕ್ಕಳ ಹಾಗೆ. ಉಳಿದ ದಿನ ಶ್ರವಣ್ ಅದರಲ್ಲಿ ತನ್ನ ಟೀ ಪುಡಿ, ಬಿಸ್ಕತ್ತು, ಹಾಲಿನ ಟಿನ್ನು ಇಡುತ್ತಿದ್ದ.

ಮೆಷಿನ್ನಿನ ಹೊಟ್ಟೆಯಲ್ಲಿ ವಾರವಾರ ಗಸಿ ನಿಲ್ಲುತ್ತದೆ. ಕಪ್ಪಗೆ, ಅಂಟಂಟಾಗಿ. ಬಟ್ಟೆಯ ಕೊಳೆ, ನಾರು, ಹಾಳಾದ ಮೋಯಾ ಎಲ್ಲ ಸೇರಿದ್ದು. ಅದನ್ನು ಬಾಚಿ ಖಾಲಿಯಾದ ಮೋಯಾ ಡಬ್ಬಿಗಳಿಗೇ ತುಂಬುತ್ತಿದ್ದೆವು. ಅದನ್ನು ಒಯ್ಯಲು ಬೇರೆ ಕಂಪೆನಿ ಇದೆ, ಕರೆಯಬೇಕು, ದುಡ್ಡು ಕೊಡಬೇಕು. ಶ್ರವಣ್ ಕರೆಯಲಿಲ್ಲ. ಅಂಗಡಿಯ ಹಿಂದೆ ಡಬ್ಬಿ ಸಾಲು ಬೆಳೆಯಿತು. ತಪಾಸಣೆಯ ಹಿಂದಿನ ದಿನ, “ನಿಮ್ಮ ರೂಮಿಗೆ ಸಾಗಿಸಿ, ನಾಳೆ ವಾಪಸ್ ತನ್ನಿ” ಎಂದ. ಸಾಗಿಸಿದೆವು. ವಾಪಸ್ ತರುವ ನಾಳೆ ಬರಲೇ ಇಲ್ಲ. ಹನ್ನೆರಡು ಡಬ್ಬಿ ನಮ್ಮ ರೂಮಿನ ಗೋಡೆಗೆ ಒರಗಿ ನಿಂತವು. ಮೂರು ಜನ ಮಲಗುವ ರೂಮು. ಕಿಟಕಿಗೆ ಧೂಳು ಬರಬಾರದೆಂದು ರಟ್ಟು ಬಡಿದಿತ್ತು.

ಡಬ್ಬಿಯ ಮೇಲಿನ ಲೇಬಲ್ ಕೆರೆದವನು ನಾನೇ. “ಹೆಸರಿದ್ದರೆ ಪ್ರಶ್ನೆ ಬರ್ತದೆ ಸೇಸಪ್ಪ, ಕೆರ್ದು ಬಿಡು” ಎಂದ ಶ್ರವಣ್. ಕತ್ತಿ ಹಿಡಿದು ಕೂತು ಹನ್ನೆರಡನ್ನೂ ಕೆರೆದೆ. ನನಗೆ ಇಂಗ್ಲಿಷ್ ಓದಲು ಬಾರದು, ಅರಬಿ ಓದಲು ಬಾರದು. ನಾಲ್ಕನೇ ಕ್ಲಾಸಿನ ಕನ್ನಡ ಅಷ್ಟೇ. ಲೇಬಲ್ಲಿನಲ್ಲಿ ಒಂದು ಚಿತ್ರವಿತ್ತು. ಸತ್ತ ಮೀನು, ಒಣಗಿದ ಮರ. ನಮ್ಮ ರೂಮಿನವನೇ ಆದ ಉಮ್ಮರ್ ಕುಂಞಿ ಅದನ್ನು ನೋಡಿ, “ಇದು ಮೀನಿಗೆ ಆಗುದಿಲ್ಲ ಅಂತ ಕಾಣ್ತದೆ” ಎಂದ. ಚಿತ್ರದಲ್ಲಿ ಮನುಷ್ಯ ಇರಲಿಲ್ಲ. ಹಾಗಾಗಿ ನಮಗಲ್ಲ ಎಂದುಕೊಂಡೆವು. ಈಗ ನೆನೆಸಿದರೆ ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ರೂಮಿನಲ್ಲಿ ಎರಡು ಮಂಚ. ಕೊನೆಗೆ ಬಂದವನು ನೆಲದಲ್ಲಿ ಮಲಗಬೇಕು, ಅದು ರೂಮಿನ ಕಟ್ಟಳೆ. ನಾನೂ ಎರಡು ವರ್ಷ ನೆಲದಲ್ಲಿ ಮಲಗಿದವನೇ. ಆಗ ಡಬ್ಬಿ ಇರಲಿಲ್ಲ. ಬೀರಾನ್ ಬಂದು ಎಂಟು ತಿಂಗಳಾಗಿತ್ತು. ಫರಂಗಿಪೇಟೆಯ ಬ್ಯಾರಿ. ಮೀನು ಲಾರಿಯ ಕ್ಲೀನರ್ ಆಗಿದ್ದವನು, ಬಡಕಲು, ಬಾಯಿ ತುಂಬ ಮಾತು. ಹೆಂಡತಿ ಝುಬೈದಾಳಿಗೆ ಫೋನ್ ಮಾಡುವಾಗ ಎ.ಸಿ. ರೂಮು ಎನ್ನುತ್ತಿದ್ದ. ಎ.ಸಿ. ಇದ್ದದ್ದು ಹೌದು, ಕೆಟ್ಟಿತ್ತು. ಅವನ ಹಾಸಿಗೆ ಡಬ್ಬಿಗಳ ಬುಡದಲ್ಲೇ. ಅಷ್ಟೇ ಜಾಗ ಇದ್ದದ್ದು.

ಜುಲೈ ತಿಂಗಳು. ಹೊರಗೆ ಐವತ್ತು ಡಿಗ್ರಿ. ಡಬ್ಬಿಗಳು ಉಬ್ಬಿದವು. ಒಂದರ ಮುಚ್ಚಳ ಸೀಳಿ ಬದಿಯಲ್ಲಿ ಕಪ್ಪಗೆ ಇಳಿಯಿತು.

“ಸೇಸಪ್ಪಣ್ಣ, ತಲೆ ಸಿಡೀತಾ ಉಂಟು. ಒಂತರಾ ಸಿಹಿ ವಾಸನೆ ಇಲ್ವಾ?” ಎಂದ ಬೀರಾನ್.

ನಮ್ಮಲ್ಲಿ ಮೈಲಿಗೆ ಬಟ್ಟೆಯನ್ನು ಖಾರದ ನೀರಲ್ಲಿ ಬೇಯಿಸುವ ಹಂಡೆ ಇರುತ್ತದೆ. ಹಬೆ ಹೊರಗೆ ಹೋಗಬಾರದೆಂದು ಅಮ್ಮ ಅದರ ಬಾಯಿಗೆ ಒದ್ದೆ ಬಟ್ಟೆಯನ್ನು ಮೂರು ಮಡಿಕೆ ಮಾಡಿ ಬಿಗಿಯುತ್ತಿದ್ದಳು. ಸೋರುವ ಡಬ್ಬಿಯ ಬಾಯಿಗೆ ನಾನು ಹಾಗೆಯೇ ಬಿಗಿದೆ. ಆಮೇಲೆ ಬಗ್ಗಿ ಮೂಸಿದೆ. ವಾಸನೆ ಇರಲಿಲ್ಲ.

“ನಿಂತಿತು ಮಾರಾಯ. ಒಂಚೂರೂ ಇಲ್ಲ. ಮಲಗು” ಎಂದೆ.

ನಿಂತಿರಲಿಲ್ಲ. ನನ್ನ ಮೂಗು ಸತ್ತಿತ್ತು. ಹದಿಮೂರು ವರ್ಷ ಅದನ್ನೇ ಮೂಸಿ ಮೂಸಿ ಆ ಒಂದು ವಾಸನೆಗೆ ಮೂಗು ಕುರುಡಾಗಿತ್ತು. ಆಮೇಲೆ ಸಿಸಿಲಿಯಾ ಹೇಳಿದರು, ಆ ಹಬೆ ಗಾಳಿಗಿಂತ ಭಾರವಂತೆ, ಮೇಲೆ ಏಳುವುದಿಲ್ಲ, ನೆಲ ಹಿಡಿದು ಕೂರುತ್ತದಂತೆ. ಮಂಚದಲ್ಲಿದ್ದ ನಮಗಿಬ್ಬರಿಗೆ ತಲೆನೋವು. ನೆಲದಲ್ಲಿದ್ದವನಿಗೆ ಪೂರಾ ಪಾಲು. ಬೀರಾನ್ ನನ್ನ ಮೂಗನ್ನು ನಂಬಿ ಮಲಗಿದ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿರುತ್ತದೆ, ಆಗಿನ ನಿದ್ದೆ. ನಾಲ್ಕಕ್ಕೆ ಎಬ್ಬಿಸಿದರೆ ಎದ್ದೇಳಲಿಲ್ಲ. ತುಟಿ ನೀಲಿ. ಬಾಯಲ್ಲಿ ನೊರೆ. ನಾನೇ ಹೆಗಲಿಗೆ ಹಾಕಿಕೊಂಡು ಮೂರು ಮಾಳಿಗೆ ಇಳಿದೆ.

ಆಸ್ಪತ್ರೆಯಿಂದ ನಾನು ನೇರ ಅಂಗಡಿಗೆ ಬಂದೆ. ಹಿಂದಿನ ಬಾಗಿಲಿನಿಂದ. ಹೆಸರು ಕೇಳಿಕೊಂಡು ಹೋಗುವುದು ಎಂದು ನನ್ನ ಲೆಕ್ಕ.

ಶ್ರವಣ್ ಮೇಜಿನ ಮೇಲೆ ಒಂದು ಕಾಗದ ಇಟ್ಟುಕೊಂಡು ಕೂತಿದ್ದ. ನನ್ನನ್ನು ಕೂರಲು ಹೇಳಲಿಲ್ಲ. ಹದಿಮೂರು ವರ್ಷದಲ್ಲಿ ಒಮ್ಮೆಯೂ ಹೇಳಿದ್ದಿಲ್ಲ.

“ಸೈನ್ ಹಾಕು. ನೀನೂ ಅವನೂ ಒಂದೇ ರೂಮು ಅಲ್ವಾ, ಸಾಕ್ಷಿ ಬೇಕಂತೆ. ಸೆಕೆಗೆ ಬಿದ್ದ, ರೂಮಿನಲ್ಲಿ ಏನೂ ಇರ್ಲಿಲ್ಲ. ಅಷ್ಟೇ.”

“ಧಣಿ, ಆ ಮೋಯಾದ ಹೆಸರು ಎಂತ?”

“ನಿಂಗೆ ಯಾಕೆ ಅದು?”

“ಡಾಕ್ಟರಿಗೆ ಬೇಕಂತೆ. ಹೆಸರು ಗೊತ್ತಾದ್ರೆ ಅವನನ್ನು ಇಟ್ಕೊಂಡು ನೋಡ್ತಾರೆ.”

“ನೋಡಿ ಆಯ್ತಲ್ಲ. ಕಣ್ಣು ಬಿಟ್ಟಿದ್ದಾನೆ. ನಾಳೆ ಕರ್ಕೊಂಡು ಬರ್ತೇನೆ. ಹಾಸಿಗೆ ಹಾಳಾಗಿದ್ರೆ ಬೇರೆ ತೆಗ್ದು ಹಾಕು.”

“ಎಲ್ಲಿ ಹಾಕುದು?”

“ಎಲ್ಲಿ ಅಂದ್ರೆ? ಇದ್ದಲ್ಲೇ ಹಾಕು.”

ನಾನು ಕಾಗದ ಮುಟ್ಟಲಿಲ್ಲ. ಶ್ರವಣ್ ಎದ್ದು ಹಳದಿ ಕಪಾಟು ತೆರೆದು ಟೀ ಪುಡಿ ತೆಗೆದ. ಕೊಳವೆಯಿಂದ ಗಾಳಿ ಬರುವ ಸದ್ದು ಕೇಳುತ್ತಿತ್ತು. ಅವನ ಬಿಸ್ಕತ್ತಿಗೆ ಗಾಳಿ ಇತ್ತು.

“ಸೇಸಪ್ಪ, ನಿನ್ನ ಪಾಸ್‌ಪೋರ್ಟ್ ನನ್ನ ಹತ್ರ ಉಂಟು. ಇಲ್ಲಿ ಇರುವ ಪರ್ಮಿಟ್, ಇಕಾಮಾ, ಮುಂದಿನ ತಿಂಗಳು ಮುಗೀತದೆ. ಒಗೆಯುವವನಿಗೆ ಒಗೆಯುದು ಸಾಕು. ಡಾಕ್ಟರ ಕೆಲಸ ನಿಂಗೆ ಬೇಡ. ಊರಲ್ಲಿ ನಿಮ್ಮವರು ನಮ್ಮ ಮುಂದೆ ಹೀಗೆ ನಿಂತದ್ದುಂಟಾ?”

ಆಗ ನನ್ನೊಳಗೆ ಏನೋ ಕಿತ್ತುಬಂತು. ಹೆದರಿಕೆಯೂ ಇತ್ತು, ಸುಳ್ಳು ಹೇಳುವುದಿಲ್ಲ. ಹೆಂಡತಿ ಕುಸುಮಾವತಿ, ಮಗಳ ನರ್ಸಿಂಗ್ ಫೀಸು, ಸೋರುವ ಮಾಡು, ಎಲ್ಲ ಕಣ್ಣಿಗೆ ಬಂತು. ಆದರೂ ಬಾಯಿ ನಿಲ್ಲಲಿಲ್ಲ.

“ಶ್ರವಣ್” ಎಂದೆ. ಧಣಿ ಎನ್ನಲಿಲ್ಲ. “ನೀನು ಹುಟ್ಟಿದಾಗ ನಿನ್ನಮ್ಮನ ಬಾಣಂತಿ ಬಟ್ಟೆ ಒಗೆದದ್ದು ನನ್ನ ಅಮ್ಮ. ನಿನ್ನ ಅಜ್ಜ ಸತ್ತಾಗ ಸೂತಕದ ಬಟ್ಟೆ ಒಗೆದದ್ದು ನಾನು. ನಿಮ್ಮ ಮನೆಯ ಹೇಸಿಗೆ ಎಲ್ಲ ನಮಗೆ ಗೊತ್ತುಂಟು. ನಾವು ಹೊರಗೆ ಹೇಳಿದವರಲ್ಲ. ಇದನ್ನು ಹೇಳ್ತೇನೆ. ಸೈನ್ ಹಾಕುದಿಲ್ಲ.”

ಅವನ ಕೈ ಮೇಲೆದ್ದಿತು. ಹೊಡೆಯಲಿಲ್ಲ. ಮುಂದಿನ ಕೌಂಟರಿನಲ್ಲಿ ಗಿರಾಕಿ ಇದ್ದ. “ಖಲಾಸ್. ನಾಳೆಯಿಂದ ನೀನಿಲ್ಲ” ಎಂದ, ಮೆಲ್ಲಗೆ.

ರೂಮಿಗೆ ಬಂದೆ. ಉಮ್ಮರ್ ಕುಂಞಿ ಮಂಚದಲ್ಲಿ ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದ. ನಾನು ಸೋರುತ್ತಿದ್ದ ಡಬ್ಬಿಯನ್ನು ಎಳೆದದ್ದು ನೋಡಿ ಎದ್ದು ಕೂತ.

“ಎಲ್ಲಿಗೆ?”

“ಆಸ್ಪತ್ರೆಗೆ. ಹೆಸರು ನಂಗೆ ಗೊತ್ತಿಲ್ಲ. ಇದನ್ನೇ ತೋರಿಸ್ತೇನೆ.”

“ಹುಚ್ಚಾ ನಿಮ್ಗೆ? ದಾರಿಯಲ್ಲಿ ಪೊಲೀಸ್ ಹಿಡೀತಾನೆ. ಸೇಸಪ್ಪಣ್ಣ, ನಂಗೆ ಮೂರು ಮಕ್ಕಳು. ನನ್ನ ಹೆಸರು ಎಲ್ಲಿಯೂ ಹೇಳ್ಬೇಡಿ.”

“ಹೇಳುದಿಲ್ಲ. ಎತ್ತಿ ಕೊಡು.”

ಅವನು ಅಳುತ್ತಲೇ ತನ್ನ ಲುಂಗಿಯನ್ನು ಸುತ್ತಿ ಸಿಂಬೆ ಮಾಡಿ ನನ್ನ ತಲೆಗಿಟ್ಟ. ಡಬ್ಬಿ ಎತ್ತಿ ಅದರ ಮೇಲಿರಿಸಿದ. ನನಗೆ ನಲವತ್ತೆಂಟು. ಡಬ್ಬಿ ಒಂದು ಮೂಟೆ ಸಿಮೆಂಟಿನ ಅರ್ಧಕ್ಕಿಂತ ಹೆಚ್ಚು. ಮೂರು ಮಾಳಿಗೆ ಇಳಿದು ಬೀದಿಗೆ ಬಂದೆ.

ಮಧ್ಯಾಹ್ನ ಎರಡೂವರೆ. ಬೀದಿಯಲ್ಲಿ ನಾಯಿಯೂ ಇಲ್ಲ. ಒಂದು ಟ್ಯಾಕ್ಸಿ ನಿಂತಿತು, ಚಾಲಕ ಗಾಜು ಇಳಿಸಿ ಮತ್ತೆ ಏರಿಸಿಕೊಂಡು ಹೋದ. ನಡೆದೆ. ಅರ್ಧ ಗಂಟೆಯ ದಾರಿ, ನನಗೆ ಒಂದು ಗಂಟೆ ಹಿಡಿಯಿತು. ಮೋಯಾ ಸಿಂಬೆ ನೆನೆಸಿ ಕಿವಿಯ ಹಿಂದೆ ಇಳಿದು ಕುತ್ತಿಗೆ ಸುಡುತ್ತಿತ್ತು. ಕಣ್ಣು ಉರಿದು ನೀರು ಸುರಿಯಿತು. ಎರಡು ಸಲ ವಾಂತಿಯಾಯಿತು. ಡಬ್ಬಿ ಇಳಿಸಲಿಲ್ಲ, ಏಕೆಂದರೆ ಇಳಿಸಿದರೆ ಮತ್ತೆ ಎತ್ತಿಕೊಡುವವರು ಯಾರೂ ಇರಲಿಲ್ಲ. ನಿಂತಲ್ಲೇ ಬಗ್ಗದೆ ಕಕ್ಕಿಕೊಂಡೆ. ಬೀರಾನನಿಗೆ ಮಲಗು ಎಂದವನು ನಾನೇ. ಆ ಮಾತು ಡಬ್ಬಿಗಿಂತ ಭಾರವಾಗಿತ್ತು.

ಆಸ್ಪತ್ರೆಯ ಬಾಗಿಲು ತಾನಾಗಿ ತೆರೆದುಕೊಂಡಿತು. ಮುಂದಿನ ಬಾಗಿಲು. ಒಳಗೆ ತಂಪು. ಮೂವತ್ತು ನಲವತ್ತು ಜನ ಕುರ್ಚಿಯಲ್ಲಿ ಕೂತಿದ್ದರು. ನಾನು ಕೌಂಟರಿನ ಎದುರಿಗೆ ಹೋಗಿ ಮಂಡಿಯೂರಿ ಡಬ್ಬಿ ಇಳಿಸಿದೆ.

“ಸಿಸಿಲಿಯಾ ಸಿಸ್ಟರನ್ನು ಕರೀರಿ. ಹೆಸರು ತಂದಿದ್ದೇನೆ” ಎಂದೆ, ಕನ್ನಡದಲ್ಲೇ.

ಯಾರಿಗೂ ಅರ್ಥವಾಗಲಿಲ್ಲ. ಆದರೆ ವಾಸನೆ ಎಲ್ಲರಿಗೂ ಅರ್ಥವಾಯಿತು. ಮೊದಲು ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಎದ್ದಳು. ಆಮೇಲೆ ಎಲ್ಲರೂ. ಅಪಾಯದ ಗಂಟೆ ಹೊಡೆಯಿತು. ಐದೇ ನಿಮಿಷ, ಆ ದೊಡ್ಡ ಹಾಲು ಖಾಲಿ. ಕೈಗವಸು, ಮುಖವಾಡ ಹಾಕಿದ ಇಬ್ಬರು ಬಂದರು. ಹಳದಿ ಪಟ್ಟಿ ಎಳೆದರು. ಮರಳು ತಂದು ಸೋರಿದ್ದರ ಮೇಲೆ ಹಾಕಿದರು. ಕಿಟಕಿ ತೆರೆದರು. ಒಂದು ಡಬ್ಬಿಗೆ. ಅಂಥ ಹನ್ನೆರಡನ್ನು ಇಟ್ಟುಕೊಂಡು ನಾವು ಎರಡು ತಿಂಗಳು ಅನ್ನ ಉಂಡಿದ್ದೆವು.

ಮುಖವಾಡದವನೊಬ್ಬ ಹಿಂದಿಯಲ್ಲಿ ಕೂಗಿದ: “ಭಾಯಿ, ದೂರ ಸರಿ, ಅದು ನಿನಗೂ ಒಳ್ಳೆಯದಲ್ಲ.”

ಹದಿಮೂರು ವರ್ಷದಲ್ಲಿ ಆ ಮಾತನ್ನು ನನಗೆ ಹೇಳಿದವನು ಅವನೊಬ್ಬನೇ. ನಾನು ಅಲ್ಲೇ ನೆಲದಲ್ಲಿ ಕೂತು ಅತ್ತೆ.

ಅವನು ಡಬ್ಬಿಯನ್ನು ಓರೆ ಮಾಡಿ ಅಡಿ ನೋಡಿದ. ಅಡಿಯಲ್ಲಿ ಸಣ್ಣದೊಂದು ಚೀಟಿ ಉಳಿದಿತ್ತು. ಬದಿಯದ್ದನ್ನು ಕೆರೆದ ನನಗೆ ಅಡಿ ನೋಡಬೇಕೆಂದು ಹೊಳೆದಿರಲಿಲ್ಲ. ಡಾಕ್ಟರು ಬಂದು ಓದಿದರು. ಸಿಸಿಲಿಯಾ ನನ್ನ ತಲೆ, ಕುತ್ತಿಗೆ ತೊಳೆಯುತ್ತಾ ಆ ಹೆಸರನ್ನು ತುಂಡು ತುಂಡು ಮಾಡಿ ಹೇಳಿಕೊಟ್ಟರು. ಪರ್. ಕ್ಲೋರೋ. ಎಥಿಲೀನ್.

“ಬೀರಾನನ್ನು ಬಿಡ್ತಾರಾ ಸಿಸ್ಟರ್?”

“ಇಲ್ಲ. ಮೇಲೆ ಹಾಕ್ತಾರೆ, ಐಸಿಯುಗೆ. ನೀವು ತಂದದ್ದು ಒಳ್ಳೆದಾಯ್ತು. ಆದ್ರೆ ಸೇಸಪ್ಪಣ್ಣ, ಪೊಲೀಸ್ ಬಂದಿದ್ದಾರೆ ನಿಮ್ಗೆ.”

ಠಾಣೆಯಲ್ಲಿ ನಾಲ್ಕು ದಿನ ಇಟ್ಟರು. ಹೊಡೆಯಲಿಲ್ಲ. ಕೇಸು ನನ್ನ ಮೇಲೆಯೇ. ಜನರಿರುವ ಕಡೆಗೆ ಅಪಾಯದ ವಸ್ತು ತಂದದ್ದು. ಡಬ್ಬಿ ನಮ್ಮದಲ್ಲ, ಇವನು ಕೆಲಸ ಬಿಟ್ಟು ಓಡಿದವನು ಎಂದು ಶ್ರವಣ್ ಬರೆದುಕೊಟ್ಟಿದ್ದ. ಡಬ್ಬಿಯಲ್ಲಿ ಅಂಗಡಿಯ ಗುರುತು ಇರಲಿಲ್ಲ. ಕೆರೆದಿದ್ದೆನಲ್ಲ, ನಾನೇ.

ಮೂರನೇ ದಿನ ಉಮ್ಮರ್ ಕುಂಞಿ ಒಂದು ಬನ್ನು, ಒಂದು ಬಾಟಲಿ ನೀರು ಹಿಡಿದುಕೊಂಡು ಬಂದ. ಹೆದರಿ ಹೆದರಿ, ಕಂಬಿಯ ಹತ್ತಿರ ಎರಡು ನಿಮಿಷ ನಿಂತ.

“ಬೀರಾನ್ ಹೇಗಿದ್ದಾನೆ?”

“ಕಣ್ಣು ಹಳದಿ ಆಗಿದೆ. ಹೊಟ್ಟೆ ಊದಿದೆ. ಮಾತಾಡುದಿಲ್ಲ. ಆದ್ರೆ ಬಿಟ್ಟಿಲ್ಲ, ಅಲ್ಲೇ ಇಟ್ಟಿದ್ದಾರೆ. ದುಆ ಮಾಡಿ.”

“ಡಬ್ಬಿಗಳು?”

ಅವನು ತಲೆ ತಗ್ಗಿಸಿದ.

“ರೂಮಿನಿಂದ ತೆಗ್ಸಿದ್ರು. ನಾನೇ ಹೊತ್ತದ್ದು. ಮೇಲೆ ಟೆರೇಸಿನಲ್ಲಿ ಇಟ್ಟಿದ್ದೇವೆ. ನೀರಿನ ಟಾಂಕಿಯ ಹತ್ರ. ಬಿಸಿಲಿಗೆ ಎರಡು ಆಗ್ಲೇ ಬಾಯಿ ಬಿಟ್ಟಿದೆ.”

ಆ ಕಟ್ಟಡದಲ್ಲಿ ಹದಿನೆಂಟು ರೂಮು. ಕೆಳಗಿನ ಮಾಳಿಗೆಯಲ್ಲಿ ಸಂಸಾರಗಳಿವೆ. ಎಲ್ಲರ ನೀರೂ ಆ ಟಾಂಕಿಯದ್ದೇ.

ನಾನು ಕಂಬಿ ಬಡಿದೆ. ಗಂಟಲು ಹರಿಯುವಷ್ಟು ಕೂಗಿದೆ. ಹಿಂದಿ ಬಲ್ಲ ಗುಮಾಸ್ತ ಬಂದ. ಇಲ್ಲಿ ಕಲಿತ ಹರಕು ಹಿಂದಿಯಲ್ಲಿ ಎಲ್ಲ ಹೇಳಿದೆ. ಅವನು ಕೇಳಿದ, ತಲೆಯಾಡಿಸಿದ, ಹೋದ. ಮಾರನೇ ದಿನ ಕಾಗದ ತಂದ. ಅರಬಿಯಲ್ಲಿ ಒಂದು ಪುಟ.

“ಸಹಿ ಹಾಕು. ತಪ್ಪು ಒಪ್ಪಿಕೊಂಡರೆ ಈವತ್ತೇ ವಿಮಾನ. ಇಲ್ಲದಿದ್ದರೆ ಎಷ್ಟು ದಿನವೋ ನನಗೆ ಗೊತ್ತಿಲ್ಲ.”

“ಇದರಲ್ಲಿ ಪರ್‌ಕ್ಲೋರೋಎಥಿಲೀನ್ ಅಂತ ಉಂಟಾ?”

ಅವನು ಬೆರಳಿಟ್ಟು ಹುಡುಕಿದ. “ಇದೆ.”

“ಉಳಿದ ಹನ್ನೊಂದು ಡಬ್ಬಿ? ಟೆರೇಸಿನದ್ದು?”

“ಅದು ಈ ಕೇಸಿಗೆ ಸಂಬಂಧವಿಲ್ಲ. ನೀನು ತಂದದ್ದು ಒಂದು.”

“ಬರೀರಿ ಸಾಬ್. ಕೈ ಮುಗೀತೇನೆ. ಅಲ್ಲಿ ಮಕ್ಕಳಿದ್ದಾರೆ. ಒಂದು ಸಾಲು ಬರೀರಿ, ಆಮೇಲೆ ನನ್ನನ್ನು ಎಂತ ಬೇಕಾದ್ರೂ ಮಾಡಿ.”

“ಯಲ್ಲಾ, ಬೇಗ ಸಹಿ ಹಾಕು” ಎಂದ. ಕೆಟ್ಟವನಲ್ಲ. ಅವನಿಗೆ ಸಾಕಾಗಿತ್ತು. ಕೊನೆಯ ಸಾಲಿನ ಕೆಳಗೆ ಖಾಲಿ ಜಾಗ ತೋರಿಸಿದ, ಪೆನ್ನನ್ನು ನನ್ನ ಕೈಗೆ ತುರುಕಿದ.

ಪೆನ್ನು ಹಿಡಿದೆ. ಸುಲಿದ ಬೆರಳು ಮಡಚುತ್ತಿರಲಿಲ್ಲ. ಆಮೇಲೆ ಬಗ್ಗಿ, ನನ್ನ ಹೆಸರು ಇರಬೇಕಾದ ಜಾಗದಲ್ಲಿ, ನಾಲ್ಕನೇ ಕ್ಲಾಸಿನ ದಪ್ಪ ಕನ್ನಡ ಅಕ್ಷರದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಬರೆದೆ.

ಟೆರೇಸಿನಲ್ಲಿ ಇನ್ನೂ ಹನ್ನೊಂದು ಉಂಟು. ನೀರು ಕುಡಿಯಬೇಡಿ.

ಗುಮಾಸ್ತ ಕಾಗದ ತಿರುಗಿಸಿ ನೋಡಿದ. “ಇಷ್ಟುದ್ದದ ಹೆಸರಾ ನಿಂದು?” ಎಂದ. ನಾನು ಹೌದು ಎಂದೆ. ಅವನು ಅದರ ಪಕ್ಕದಲ್ಲಿ ಸೀಲು ಹೊಡೆದು ಫೈಲಿಗೆ ಸೇರಿಸಿದ.